ಸೂಜಿ ಚುಚ್ಚಿದವರು ಯಾರು?

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟವನು ಮಾರೇನಹಳ್ಳಿಯ ಮೀನಿನ ಅಂಗಡಿಯ ಮುಂದೆ ಐದು ನಿಮಿಷ ನಿಲ್ಲದೆ ಮನೆಗೆ ಬರುವುದು ನನ್ನಿಂದ ಆಗುವುದಿಲ್ಲ. ಅಂಗಡಿಯೆಂದರೆ ದೊಡ್ಡದೇನಲ್ಲ. ತಗಡಿನ ಮಾಡು, ಮೀನು ಕೊಚ್ಚುವ ಮರದ ದಿಮ್ಮಿ, ಒಂದು ತಕ್ಕಡಿ, ಬೀದಿಯ ಅಂಚಿಗೆ ಎರಡು ನೀಲಿ ಟಬ್ಬು. ಟಬ್ಬಿನಲ್ಲಿ ಜೀವಂತ ಮೀನು. ಅವುಗಳಲ್ಲಿ ಹೆಚ್ಚಿನವು ಜಿಲೇಬಿ. ಪುಸ್ತಕದಲ್ಲಿ ತಿಲಾಪಿಯ ಎಂದು ಬರೆಯುವ ಮೀನಿಗೆ ನಮ್ಮ ಕಡೆಯ ಜನ ಇಟ್ಟ ಹೆಸರು ಅದು. ಸಕ್ಕರೆ ಕಾಯಿಲೆಯವರೂ ಧೈರ್ಯವಾಗಿ ತಿನ್ನಬಹುದಾದ ಜಿಲೇಬಿ ಇದೊಂದೇ ಇರಬೇಕು.

ನಾನು ನೋಡುವುದು ಮೀನಿನ ದಪ್ಪವನ್ನಲ್ಲ. ಮೀನುಗಳು ಮೇಲೆ ಬಂದು ಬಾಯಿ ಕಳೆಯುತ್ತಿವೆಯೇ, ರೆಕ್ಕೆಯ ಬುಡ ಕೆಂಪಾಗಿದೆಯೇ, ಯಾವುದಾದರೊಂದರ ಕಣ್ಣು ಉಬ್ಬಿದೆಯೇ ಎಂದು ನೋಡುತ್ತೇನೆ. “ತಿನ್ನೋರಿಗೆ ಇಲ್ಲದ ಚಿಂತೆ ನಿಮಗ್ಯಾಕೆ?” ಎಂದು ನನ್ನ ಹೆಂಡತಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ. ಅವಳಿಗೆ ನಾನು ಹೇಳುವ ಉತ್ತರ ಇಷ್ಟೇ: ಮೀನು ತಿನ್ನದ ನಾನು ಒಂದು ಕಾಲದಲ್ಲಿ ಎಣಿಸಿ ನೂರ ಇಪ್ಪತ್ತು ಜಿಲೇಬಿ ಮರಿಗಳನ್ನು ಕೊಂದಿದ್ದೇನೆ. ‘ಎಣಿಸಿ’ ಎಂದದ್ದು ಮಾತಿಗೆ ಹೇಳಿದ್ದಲ್ಲ. ಎಣಿಸುವುದೇ ಆ ಕೆಲಸವಾಗಿತ್ತು.

ಅದು 1992ನೆಯ ಇಸವಿ. ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಎಂ.ಫಿಲ್. ಮಾಡುತ್ತಿದ್ದೆ. ಸಂಜೆ ವಿಜಯನಗರದ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದೆ. ಮಾರೇನಹಳ್ಳಿಯಲ್ಲಿ ಒಂದು ಹಳೆಯ ಮನೆಯ ಮಹಡಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಕೆಳಗೆ ಮನೆಯ ಒಡತಿ ಅಜ್ಜಿ ಒಬ್ಬರೇ ಇದ್ದರು. ಮಾರೇನಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದಾಗಿನವರು. ಹೊಲವೆಲ್ಲ ಸೈಟುಗಳಾಗಿ ಹೋಗಿ, ಉಳಿದದ್ದು ಆ ಮನೆ, ಹಿತ್ತಲು, ಒಂದು ಸೀಮೆಹಸು. ಟ್ಯುಟೋರಿಯಲ್ ಪಾಠದ ದೆಸೆಯಿಂದ ನಾನು ಅವರಿಗೆ ಮೇಷ್ಟ್ರು. ಹಿತ್ತಲಲ್ಲಿ, ಮನೆ ಕಟ್ಟುವಾಗ ನೀರು ತುಂಬಿಡಲೆಂದು ಮಾಡಿಸಿದ ಸಿಮೆಂಟಿನ ತೊಟ್ಟಿಯೊಂದು ಬರಿದೆ ಬಿದ್ದಿತ್ತು. “ಅಜ್ಜಿ, ಅದರಲ್ಲಿ ಎರಡು ವಾರ ಮೀನು ಸಾಕಿಕೊಳ್ಳಲೇ?” ಎಂದು ಕೇಳಿದೆ. “ತಿನ್ನಲ್ಲ ಅಂತೀರ, ಸಾಕ್ತೀನಿ ಅಂತೀರ, ಎಂಥದೋ ಮೇಷ್ಟ್ರೆ ನಿಮ್ದು” ಎಂದು ನಕ್ಕು ಒಪ್ಪಿದರು. ಅಷ್ಟೇ ಅಲ್ಲ, ಮೀನನ್ನೂ ಅವರೇ ಕೊಡಿಸಿದರು. ಅಜ್ಜಿಯ ತಮ್ಮ ಗೌಡರು ಮಾಗಡಿ ರಸ್ತೆಯ ಆಚೆ ಒಂದು ಹಳ್ಳಿಯಲ್ಲಿ ತೋಟದ ಹೊಂಡದಲ್ಲಿ ಮೀನು ಬಿಟ್ಟಿದ್ದರು.

ಗೌಡರ ಹೊಂಡಕ್ಕೆ ಜಿಲೇಬಿ ಹೇಗೆ ಬಂತು ಎಂದರೆ ಅದಕ್ಕೊಂದು ಸಣ್ಣ ಪುರಾಣವಿದೆ. ಆಫ್ರಿಕಾದ ಮೊಜಾಂಬಿಕ್ ಕಡೆಯ ಈ ಮೀನನ್ನು ನಮ್ಮ ದೇಶಕ್ಕೆ ತಂದದ್ದು 1952ರಲ್ಲಿ. ಬೇಗ ಬೆಳೆಯುತ್ತದೆ, ಬಡವರಿಗೆ ಅಗ್ಗದ ಆಹಾರವಾಗುತ್ತದೆ ಎಂಬ ಆಸೆ. ಬೆಳೆಯುವುದಕ್ಕಿಂತ ಹೆಚ್ಚಾಗಿ ಅದು ಮರಿ ಹಾಕಿತು. ಎರಡು ಮೂರು ತಿಂಗಳಲ್ಲೇ ಪ್ರಾಯಕ್ಕೆ ಬಂದು, ಬೆರಳುದ್ದ ಇರುವಾಗಲೇ ಸಂಸಾರ ಹೂಡುವ ಮೀನು ಅದು. ಕಾಟ್ಲಾ, ರೋಹುಗಳ ಪಾಲಿನ ತಿಂಡಿಯನ್ನು ತಾನೇ ತಿಂದು ಕೆರೆ ತುಂಬಿತು. 1959ರಲ್ಲಿ ಭಾರತ ಮೀನುಗಾರಿಕೆ ಸಂಶೋಧನಾ ಸಮಿತಿ ಇದನ್ನು ಹರಡಬಾರದು ಎಂದು ನಿಷೇಧ ಹಾಕಿತು. ಮೀನು ಅದನ್ನು ಓದಲಿಲ್ಲ. ಕಾಲುವೆಯಿಂದ ಕೆರೆಗೆ, ಕೆರೆಯಿಂದ ಹೊಂಡಕ್ಕೆ ಹೋಗುತ್ತಲೇ ಇತ್ತು. ಗೌಡರೂ ಮೊದಮೊದಲು ಬೈದು, ಆಮೇಲೆ ಹೇಗೂ ಬಂದಿದೆ ಎಂದು ತೌಡು ಹಾಕಿ ಸಾಕತೊಡಗಿದ್ದರು.

ಈ ಮೀನಿನಲ್ಲಿ ಇನ್ನೊಂದು ಗುಣವಿದೆ. ತಾಯಿ ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಂಡು ಮರಿ ಮಾಡುತ್ತದೆ. ಆ ದಿನಗಳಲ್ಲಿ ಅದು ಹೆಚ್ಚೂಕಡಿಮೆ ಉಪವಾಸ. ಮರಿಗಳು ಹೊರಬಂದ ಮೇಲೂ ಕೆಲವು ದಿನ, ನೆರಳು ಕಂಡರೆ ಸಾಕು, ಓಡಿ ಬಂದು ತಾಯಿಯ ಬಾಯಿಗೆ ನುಗ್ಗುತ್ತವೆ. ಗೌಡರು ಹೊಂಡದ ದಡದಲ್ಲಿ ನಿಂತು ಕೈಯಾಡಿಸಿ ನನಗೆ ಅದನ್ನು ತೋರಿಸಿದರು. ನಾನು ತಲೆದೂಗಿ, ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆಮೇಲೆ ನೂರೈವತ್ತಕ್ಕೆ ಸ್ವಲ್ಪ ಕಡಿಮೆ ಮರಿಗಳನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆ.

ನಲ್ಲಿಯ ನೀರನ್ನು ನೇರವಾಗಿ ಮೀನಿಗೆ ಬಿಡುವ ಹಾಗಿಲ್ಲ, ಅದರಲ್ಲಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ. ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ದಿನ ಬಿಟ್ಟು ದಿನ ಬರುವ ನೀರನ್ನು ಅಜ್ಜಿ ಹಿಡಿದು ಬಿಸಿಲಿಗಿಟ್ಟು, ನಾನು ಕಾಲೇಜಿಗೆ ಹೋದಾಗ ತಾವೇ ಬದಲಿಸುತ್ತಿದ್ದರು. ನಾನು ಕಡಲೆಹಿಂಡಿ, ಅಕ್ಕಿ ತೌಡು ತೂಗಿ ಹಾಕಿದರೆ ಅವರು ಮಂಡಕ್ಕಿ ಎಸೆಯುತ್ತಿದ್ದರು. ಹಾಕಬೇಡಿ ಎಂದರೆ ಕೇಳುತ್ತಿರಲಿಲ್ಲ. ಬಾಲದ ತುದಿ ಹರಿದಿದ್ದ ಒಂದು ಮರಿಗೆ ಮೊಂಡ ಎಂದು ಹೆಸರಿಟ್ಟಿದ್ದರು. ಅದು ಮಂಡಕ್ಕಿಗೆ ಎಲ್ಲಕ್ಕಿಂತ ಮೊದಲು ಬರುತ್ತಿತ್ತು. ಅಜ್ಜಿ ಮೀನು ತಿನ್ನುವವರು, ವಾರಕ್ಕೊಮ್ಮೆ ಸಾರಿನ ಘಮ ನನ್ನ ಮಹಡಿಗೆ ಬರುತ್ತಿತ್ತು. ಆದರೆ ತೊಟ್ಟಿಯ ಮೀನಿನ ಮಾತು ಬಂದಾಗ, “ಅಯ್ಯೋ, ಕೈಯಾರೆ ಉಣ್ಣಾಕಿದ್ದನ್ನ ತಿನ್ನಾಕಾಯ್ತದಾ?” ಎನ್ನುತ್ತಿದ್ದರು. ಅವುಗಳನ್ನು ಯಾತಕ್ಕೆ ಸಾಕುತ್ತಿದ್ದೇನೆಂದು ನಾನು ಅವರಿಗೆ ಹೇಳಿರಲಿಲ್ಲ. ಕೇಳಿದಾಗ, “ಪರೀಕ್ಷೆಗೆ ಅಜ್ಜಿ” ಎಂದಿದ್ದೆ. ಪರೀಕ್ಷೆ ನನಗೋ ಮೀನಿಗೋ ಎಂದು ಬಿಡಿಸಿರಲಿಲ್ಲ.

ಪರೀಕ್ಷೆ ಹೀಗಿತ್ತು. ಸತ್ತ ಮೀನೊಂದರಿಂದ ಬೇರ್ಪಡಿಸಿದ ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯ ನಮ್ಮ ಪ್ರಯೋಗಾಲಯದಲ್ಲಿತ್ತು. ಅದು ಎಷ್ಟು ಘಾತಕವಾದದ್ದು ಎಂದು ಅಳೆಯಬೇಕು. ಒಂದು ರೋಗಕ್ಕೆ ಇದೇ ಜೀವಿ ಕಾರಣ ಎನ್ನಬೇಕಾದರೆ ಏನೇನು ತೋರಿಸಬೇಕು ಎಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಜರ್ಮನಿಯ ರಾಬರ್ಟ್ ಕಾಕ್ ಹೇಳಿಟ್ಟಿದ್ದಾನೆ: ರೋಗಿಯಲ್ಲಿ ಅದು ಸಿಗಬೇಕು, ಅದನ್ನು ಒಂದನ್ನೇ ಬೆಳೆಸಬೇಕು, ಆರೋಗ್ಯವಂತ ಪ್ರಾಣಿಗೆ ಕೊಟ್ಟರೆ ಅದೇ ರೋಗ ಬರಬೇಕು, ಮತ್ತೆ ಆ ಪ್ರಾಣಿಯಿಂದ ಅದೇ ಜೀವಿ ಹೊರಬರಬೇಕು. ಇದರ ಮೇಲೆ ಎಷ್ಟು ಪ್ರಮಾಣ ಕೊಟ್ಟರೆ ಅರ್ಧದಷ್ಟು ಪ್ರಾಣಿಗಳು ಸಾಯುತ್ತವೆ ಎಂದು ಲೆಕ್ಕ ಹಾಕುವ ವಿಧಾನವನ್ನು ರೀಡ್ ಮತ್ತು ಮ್ಯೂಂಚ್ ಎಂಬಿಬ್ಬರು 1938ರಲ್ಲಿ ಕೊಟ್ಟರು. ಸರಳವಾದ ಕೂಡುವ ಕಳೆಯುವ ಲೆಕ್ಕ. ಕೂಡಬೇಕಾದದ್ದು ಸಾವುಗಳನ್ನು.

ಆರು ಟಬ್ಬು, ಟಬ್ಬಿಗೆ ಹತ್ತು ಮರಿ. ಮೊದಲನೆಯದರ ಒಂದೊಂದು ಮರಿಗೆ ಹತ್ತು ಸಾವಿರ ಬ್ಯಾಕ್ಟೀರಿಯ, ಎರಡನೆಯದಕ್ಕೆ ಲಕ್ಷ, ಆಮೇಲೆ ಹತ್ತು ಲಕ್ಷ, ಕೋಟಿ, ಹತ್ತು ಕೋಟಿ. ಆರನೆಯದು ಕಂಟ್ರೋಲ್. ಅವಕ್ಕೂ ಅದೇ ಅಳತೆಯ ಚುಚ್ಚುಮದ್ದು, ಆದರೆ ಬರಿಯ ಉಪ್ಪುನೀರು. ಸತ್ತರೆ ಸೂಜಿಯಿಂದ ಸತ್ತದ್ದೋ ರೋಗದಿಂದ ಸತ್ತದ್ದೋ ತಿಳಿಯಬೇಕಲ್ಲ, ಅದಕ್ಕೆ. ಮರಿಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಹೊಟ್ಟೆ ಮೇಲೆ ಮಾಡಿ, ಹಿಂದಿನ ರೆಕ್ಕೆಯ ಪಕ್ಕ ಸೂಜಿ ಇಳಿಸಬೇಕು. ಅರಿವಳಿಕೆ ಕೊಡುವ ಪದ್ಧತಿ ನಮ್ಮಲ್ಲಿ ಆಗ ಇರಲಿಲ್ಲ. ಅಂಗೈಯಲ್ಲಿ ಅದರ ಮೈ ಒಮ್ಮೆ ಬಿಗಿಯಾಗುತ್ತಿತ್ತು, ಅಷ್ಟೇ. ಮೀನಿಗೆ ದನಿಯಿಲ್ಲದಿರುವುದು ಪ್ರಯೋಗ ಮಾಡುವವನಿಗೆ ಬಹಳ ಅನುಕೂಲ.

ಹತ್ತು ಕೋಟಿಯ ಟಬ್ಬು ಎರಡೇ ದಿನದಲ್ಲಿ ಖಾಲಿಯಾಯಿತು. ಉಳಿದವುಗಳಲ್ಲಿ ಕೆಲವು ಮೇವು ಬಿಟ್ಟು ಮೂಲೆ ಸೇರಿದವು, ಹೊಟ್ಟೆ ಉಬ್ಬಿತು, ರೆಕ್ಕೆಯ ಬುಡದಲ್ಲಿ ರಕ್ತ ಕಟ್ಟಿತು. ಆರು ಗಂಟೆಗೊಮ್ಮೆ ಸತ್ತವನ್ನು ಬಲೆಯಲ್ಲಿ ತೆಗೆದು, ಎಣಿಸಿ, ಬರೆದು, ಕೊಯ್ದು ಮೂತ್ರಪಿಂಡದಿಂದ ಬ್ಯಾಕ್ಟೀರಿಯ ಬೆಳೆಸಲು ಇಡುವುದು. ನಿದ್ದೆಯಿಲ್ಲ. ಮಾರೇನಹಳ್ಳಿಗೆ ಸ್ನಾನಕ್ಕೆ ಮಾತ್ರ ಬರುತ್ತಿದ್ದೆ. ಅಜ್ಜಿ ಬಾಗಿಲಲ್ಲೇ ಕೇಳುತ್ತಿದ್ದರು, “ಮೀನು ಚೆಂದಾಗವಾ ಮೇಷ್ಟ್ರೆ? ಮೊಂಡ ಎಂಗವ್ನೆ?” “ಚೆನ್ನಾಗಿವೆ ಅಜ್ಜಿ” ಎನ್ನುತ್ತಿದ್ದೆ. ಮೊಂಡ ಹತ್ತು ಲಕ್ಷದ ಟಬ್ಬಿನಲ್ಲಿತ್ತು. ಆ ಹೊತ್ತಿಗೆ ಬದುಕಿತ್ತು, ಸುಳ್ಳೇನೂ ಅಲ್ಲ ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ.

ಮೂರನೆಯ ದಿನ ಬೆಳಗಿನ ಜಾವ ಕಂಟ್ರೋಲ್ ಟಬ್ಬಿನಲ್ಲಿ ಎರಡು ಮರಿ ಸತ್ತು ತೇಲುತ್ತಿದ್ದವು. ರೆಕ್ಕೆಯ ಬುಡ ಕೆಂಪು.

ಸಾಯಬಾರದ ಟಬ್ಬು ಅದು. ಅಲ್ಲಿ ಸಾವು ಬಂದರೆ ಉಳಿದ ಐದು ಟಬ್ಬುಗಳ ಲೆಕ್ಕವೆಲ್ಲ ನೀರ ಮೇಲಿನ ಬರಹ. ಏಕೆ ಸತ್ತವೆಂದು ಗೊತ್ತಾಗಲು ನನಗೆ ಬಹಳ ಹೊತ್ತು ಹಿಡಿಯಲಿಲ್ಲ. ಟಬ್ಬಿಗೊಂದು ಬಲೆ ಇಟ್ಟುಕೊಳ್ಳಬೇಕು ಎಂಬುದು ನಿಯಮ. ಹಿಂದಿನ ರಾತ್ರಿ ನಿದ್ದೆಗಣ್ಣಿನಲ್ಲಿ ಕೋಟಿಯ ಟಬ್ಬಿನಲ್ಲಿ ಸತ್ತವನ್ನು ತೆಗೆದ ಬಲೆಯಲ್ಲೇ ಕಂಟ್ರೋಲ್ ಟಬ್ಬಿನ ಕಸ ತೆಗೆದಿದ್ದೆ. ಸೂಜಿಯ ಗಾಯ ಇನ್ನೂ ಮಾಗಿರಲಿಲ್ಲ. ಬಲೆಯಿಂದ ಬಂದದ್ದಕ್ಕೆ ಅಷ್ಟು ಬಾಗಿಲು ಸಾಕು. ಅವುಗಳ ಮೂತ್ರಪಿಂಡದಿಂದ ಬೆಳೆಸಲು ಇಟ್ಟ ತಟ್ಟೆಯಲ್ಲಿ ಮಾರನೆಯ ದಿನ ಅದೇ ಹಳದಿ ಚುಕ್ಕೆಗಳು ಎದ್ದವು. ಕಾಕ್ ಹೇಳಿದ ಎಲ್ಲ ಷರತ್ತನ್ನೂ ನನ್ನ ತಪ್ಪು ಅಚ್ಚುಕಟ್ಟಾಗಿ ಪೂರೈಸಿತ್ತು.

ನೋಡಿದವರು ಯಾರೂ ಇರಲಿಲ್ಲ. ನಾನು ಪುಸ್ತಕದಲ್ಲಿ ಕಂಟ್ರೋಲ್ ಎದುರು ಸೊನ್ನೆ ಬರೆದೆ.

ಅದನ್ನು ಬರಿಯ ಹೇಡಿತನ ಎಂದರೆ ಪೂರ್ತಿ ನಿಜವಾಗುವುದಿಲ್ಲ. ನಿಜ ಹೇಳಿದರೆ ಪ್ರಯೋಗವನ್ನು ಮೊದಲಿನಿಂದ ಮಾಡಬೇಕು. ಮೊದಲಿನಿಂದ ಎಂದರೆ ಇನ್ನೂ ಅರವತ್ತು ಮರಿ, ಅಜ್ಜಿಯ ತೊಟ್ಟಿಯಲ್ಲಿ ಮಂಡಕ್ಕಿ ತಿನ್ನುತ್ತಿರುವವು. ಒಂದು ಸೊನ್ನೆಯಿಂದ ಅರವತ್ತು ಜೀವ ಉಳಿಯುತ್ತದೆ ಎಂದು ವಾದ ಹೂಡಿದೆ. ಹಾಗೆ ನೋಡಿದರೆ ಆ ಸುಳ್ಳು ದಯೆಯ ಕೆಲಸ. ಎರಡು ರಾತ್ರಿ ಈ ದಯೆಯ ಜೊತೆ ಹೊರಳಾಡಿದೆ. ಮೂರನೆಯ ಬೆಳಿಗ್ಗೆ ಹೊಳೆದದ್ದು ಇದು: ಸೊನ್ನೆ ಉಳಿದರೆ ಸತ್ತ ಅರವತ್ತೂ ಸತ್ತದ್ದು ಸುಮ್ಮನೆ. ಯಾರೋ ನಾಳೆ ಆ ಲೆಕ್ಕ ನಂಬಿ ಇನ್ನೊಂದು ಪ್ರಯೋಗ ಹೂಡಿದರೆ ಅವರ ಮೀನುಗಳೂ ಸುಮ್ಮನೆ ಸಾಯುತ್ತವೆ. ಹೋಗಿ ಗೈಡಿಗೆ ಹೇಳಿದೆ. ಅವರು ಬೈಯಲಿಲ್ಲ. ಸೊನ್ನೆಯನ್ನು ಒರೆಸಬೇಡ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಎರಡು ಎಂದು ಬರೆದು ಸಹಿ ಮಾಡು ಎಂದರು. ಒರೆಸಿದರೆ ತಪ್ಪು ಮಾಡಿದ್ದೂ ಅಳಿಸಿಹೋಗುತ್ತದೆ ಎಂದು ಅವರ ಅಭಿಪ್ರಾಯ. ಬದುಕಿ ಉಳಿದವನ್ನು ಉಳಿಸಿಕೊಳ್ಳುವ ಹಾಗಿರಲಿಲ್ಲ, ಮೈಯಲ್ಲಿ ರೋಗವಿಟ್ಟುಕೊಂಡ ಮೀನನ್ನು ಯಾವ ನೀರಿಗೂ ಬಿಡುವಂತಿಲ್ಲ. ಮೊಂಡ ಬದುಕಿ ಉಳಿದವುಗಳಲ್ಲಿ ಒಂದು.

ಆ ಸಂಜೆ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಅಜ್ಜಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. “ತಿನ್ನಕ್ಕೆ ಕೊಲ್ಲೋದು ಗೊತ್ತು. ಕಾಯಿಲೆ ಬರಿಸಿ ನೋಡ್ತಾ ಕೂರೋದು ಯಾವ ಸೀಮೆ ಕೆಲಸ ಮೇಷ್ಟ್ರೆ?” ಎಂದರು. ನಾನು ನಾಳೆ ಇದರಿಂದ ಔಷಧಿ ಸಿಗಬಹುದು, ರೈತರಿಗೆ ಅನುಕೂಲವಾಗಬಹುದು ಎಂದು ಓದಿದ್ದನ್ನೆಲ್ಲ ಒಪ್ಪಿಸಿದೆ. ಅವರು ಎದ್ದು ಒಳಗೆ ಹೋದರು. ಕೋಪ ಬಂತೇನೋ ಎಂದುಕೊಂಡೆ. ಒಂದು ಹಿತ್ತಾಳೆಯ ಜರಡಿ ತಂದು ಕೈಗಿಟ್ಟರು. “ಇದು ಆ ಕೊನೇ ಟಬ್ಬಿಗೆ. ಬೇರೆದಕ್ಕೆ ಅದ್ದಬೇಡಿ. ಇನ್ನೊಂದ್ಸಲ ಕೊಲ್ಲೋ ಅಂಗೆ ಮಾಡ್ಕಬೇಡಿ” ಎಂದರು. ಮಾರನೆಯ ದಿನ ನಾನು ಅರವತ್ತು ಮರಿಗಳನ್ನು ಕ್ಯಾನಿಗೆ ತುಂಬುವಾಗ ಅವರು ಹಿತ್ತಲಿಗೆ ಬರಲಿಲ್ಲ. ಎರಡನೆಯ ಸಲ ಕಂಟ್ರೋಲ್ ಟಬ್ಬಿನಲ್ಲಿ ಒಂದೂ ಸಾಯಲಿಲ್ಲ. ಲೆಕ್ಕ ಸರಿಹೋಯಿತು, ಅಂಕಿ ಬಂತು, ಎಂ.ಫಿಲ್. ಬಂತು. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಪ್ರಬಂಧದ ನಾಲ್ಕು ಪ್ರತಿಗಳಲ್ಲಿ ಅದು ಕ್ಷೇಮವಾಗಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮರುವರ್ಷದ ಬೇಸಗೆಯಲ್ಲಿ ಗೌಡರು ಮಾರೇನಹಳ್ಳಿಗೆ ಬಂದರು. ಟವೆಲ್ಲಿನಲ್ಲಿ ಸುತ್ತಿದ ನಾಲ್ಕು ಜಿಲೇಬಿ ಮರಿಗಳನ್ನು ನನ್ನ ಮೇಜಿನ ಮೇಲಿಟ್ಟರು. ರೆಕ್ಕೆಯ ಬುಡ ಕೆಂಪು, ಹೊಟ್ಟೆ ಉಬ್ಬಿದೆ, ಒಂದರ ಮೈಮೇಲೆ ಹುಣ್ಣು. “ಹೊಂಡದಾಗೆ ದಿನಾ ತೇಲ್ತಾ ಅವೆ. ನೀವು ಇದನ್ನೇ ಓದೀರಂತಲ್ಲ.” ನನಗೆ ಒಳಗೊಳಗೇ ಹಿಗ್ಗಾಯಿತು ಎಂದು ಹೇಳಿಕೊಳ್ಳಲು ನಾಚಿಕೆ. ಕೊಯ್ದು ನೋಡದೆಯೇ ಬ್ಯಾಕ್ಟೀರಿಯದ ಹೆಸರು ಹೇಳಿದೆ. ಎಷ್ಟು ಕೊಟ್ಟರೆ ಎಷ್ಟು ಸಾಯುತ್ತವೆ ಎಂದೂ ಹೇಳಿದೆ. ಗೌಡರು ಪೂರ್ತಿ ಕೇಳಿ, “ಸರಿ ಸ್ವಾಮಿ, ನಿಮ್ಮ ಮೀನಿಗೆ ನೀವು ಸೂಜಿ ಚುಚ್ಚಿದ್ರಿ. ನನ್ನ ಹೊಂಡದ ಮೀನಿಗೆ ಸೂಜಿ ಚುಚ್ಚಿದೋರು ಯಾರು?” ಎಂದರು.

ಅವರು ವ್ಯಂಗ್ಯವಾಡಲಿಲ್ಲ. ನಿಜವಾಗಿಯೂ ಕೇಳಿದ್ದರು. ನನ್ನ ಇಡೀ ಪ್ರಬಂಧದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಹೈಡ್ರೋಫಿಲಾ ಎಂದರೆ ನೀರನ್ನು ಪ್ರೀತಿಸುವುದು ಎಂದರ್ಥ. ಅದು ಹೊರಗಿನಿಂದ ಬರುವ ಶತ್ರುವಲ್ಲ. ಎಲ್ಲ ಕೆರೆ, ಬಾವಿ, ಹೊಳೆಗಳಲ್ಲೂ ಇರುತ್ತದೆ, ಆರೋಗ್ಯವಾಗಿರುವ ಮೀನಿನ ಕರುಳಿನಲ್ಲೂ ಇರುತ್ತದೆ. ಮೀನು ಗಟ್ಟಿಯಾಗಿರುವವರೆಗೆ ಅದು ಸುಮ್ಮನಿರುತ್ತದೆ. ನಾನು ಸೂಜಿಯಿಂದ ಮಾಡಿದ್ದು ಮೀನಿನ ಚರ್ಮ, ಅದರ ಮೇಲಿನ ಲೋಳೆ ಎಂಬ ಕೋಟೆಯನ್ನೇ ದಾಟಿಸಿ ಶತ್ರುವನ್ನು ಅಂತಃಪುರಕ್ಕೆ ಬಿಟ್ಟದ್ದು. ಹೊಂಡದಲ್ಲಿ ಕೋಟೆಯ ಬಾಗಿಲು ತೆಗೆದವರು ಯಾರು ಎಂಬುದೇ ಗೌಡರ ಪ್ರಶ್ನೆ.

ಅವರ ಜೊತೆ ಹೋಗಿ ರಾತ್ರಿ ಅಲ್ಲೇ ಉಳಿದೆ. ಬೆಳಗಿನ ಜಾವ ಟಾರ್ಚು ಹಿಡಿದು ಹೊಂಡದ ಬಳಿ ಹೋದರೆ ಇಡೀ ಹೊಂಡ ಬಾಯಿ ಕಳೆಯುತ್ತಿತ್ತು. ಸಾವಿರ ಬಾಯಿ ನೀರಿನ ಮೇಲೆ. ನೀರು ಪಾಚಿಯಿಂದ ಹಸಿರು ಬಣ್ಣದ ಗಂಜಿಯಂತಿತ್ತು. ಹಗಲು ಬಿಸಿಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಎಳೆದುಕೊಳ್ಳುತ್ತದೆ. ಹೀಗಾಗಿ ಸೂರ್ಯ ಹುಟ್ಟುವ ಮುಂಚಿನ ಹೊತ್ತು ನೀರಿಗೆ ಅತ್ಯಂತ ಬಡತನದ ಹೊತ್ತು. ಜೊತೆಗೆ ಬೇಸಗೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ. ಹೊಂಡದ ನೀರು ಅರ್ಧಕ್ಕಿಳಿದಿತ್ತು, ಮೀನು ಮಾತ್ರ ಮರಿ ಹಾಕಿ ಹಾಕಿ ಎರಡರಷ್ಟಾಗಿತ್ತು. ಬೇಗ ದಪ್ಪವಾಗಲಿ ಎಂದು ಗೌಡರು ತೌಡು, ಸಗಣಿ ಹೆಚ್ಚಿಗೆ ಸುರಿದಿದ್ದರು. ಜಿಲೇಬಿ ಎಂದರೆ ಬೇರೆ ಮೀನು ಬದುಕದ ನೀರಿನಲ್ಲೂ ಬದುಕುವ ಜೀವ. ಅದೇ ಸಾಯುತ್ತಿದೆ ಎಂದರೆ ನೀರು ಎಷ್ಟು ಕೆಟ್ಟಿರಬೇಕು!

ತೌಡು, ಸಗಣಿ ನಿಲ್ಲಿಸಿ ಎಂದೆ. ಅರ್ಧಕ್ಕೂ ಹೆಚ್ಚು ಮೀನು ಹಿಡಿಸಿದೆವು. ಬಾವಿಯ ಪಂಪಿನಿಂದ ಎತ್ತರದಿಂದ ಧುಮುಕುವ ಹಾಗೆ ರಾತ್ರಿಯೆಲ್ಲ ಹೊಸ ನೀರು ಬಿಟ್ಟೆವು. ಸುಣ್ಣ ಸ್ವಲ್ಪ ಹಾಕಿಸಿದೆ. ಒಂದು ವಾರದಲ್ಲಿ ತೇಲುವುದು ಕಡಿಮೆಯಾಯಿತು ಎಂದು ಗೌಡರು ಹೇಳಿ ಕಳಿಸಿದರು. ನನ್ನ ಮಾತಿನಿಂದ ಆಯಿತೋ, ಆ ವಾರ ಬಿದ್ದ ಮಳೆಯಿಂದ ಆಯಿತೋ, ಅಲ್ಲಿ ಕಂಟ್ರೋಲ್ ಹೊಂಡ ಇರಲಿಲ್ಲವಾದ್ದರಿಂದ ಹೇಳಲಾರೆ.

ಹಾಗೆಂದು ಪ್ರಯೋಗಗಳೆಲ್ಲ ವ್ಯರ್ಥ ಎನ್ನುವ ಗುಂಪಿಗೆ ನಾನು ಸೇರುವುದಿಲ್ಲ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಕೆ. ಎಂ. ಶಂಕರ್ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲಿ ಇದೇ ಏರೋಮೊನಾಸನ್ನು ಚಿಟಿನ್ ಚೂರುಗಳ ಮೇಲೆ ಪದರವಾಗಿ ಬೆಳೆಸಿ, ಶಾಖ ಕೊಟ್ಟು ಕೊಂದು, ಮೇವಿನಲ್ಲಿ ಬೆರೆಸಿ ಕಾಟ್ಲಾ, ರೋಹು, ಗೆಂಡೆಗಳಿಗೆ ಉಣಿಸಿದರು. ಬಾಯಿಂದ ಹೋದ ಆ ಲಸಿಕೆ ಮೀನಿಗೆ ರಕ್ಷಣೆ ಕೊಡುತ್ತದೆ ಎಂದು 1999ರಲ್ಲಿ ಪ್ರಕಟಿಸಿದರು. ರಕ್ಷಣೆ ಬಂತೋ ಇಲ್ಲವೋ ನೋಡಬೇಕಾದರೆ ಕೊನೆಗೆ ರೋಗ ತಗುಲಿಸಿಯೇ ನೋಡಬೇಕು, ಕಂಟ್ರೋಲ್ ಟಬ್ಬು ಇಡಲೇಬೇಕು. ಅದನ್ನು ಓದಿದಾಗ, ಸಾವಿರಾರು ಮೀನಿಗೆ ಒಂದೊಂದಾಗಿ ಸೂಜಿ ಚುಚ್ಚಲಾರದ ಗೌಡರಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಯೋಚಿಸಿದ್ದಾರೆ ಎನಿಸಿ ಸಂತೋಷವಾಯಿತು. ಅದೇ ವೇಳೆಗೆ, 1998ರಲ್ಲಿ, ಪ್ರಾಣಿಗಳ ಮೇಲಿನ ಪ್ರಯೋಗಗಳಿಗೆ ಕೇಂದ್ರ ಸರ್ಕಾರ ನಿಯಮಗಳನ್ನೂ ಮಾಡಿತು. ಜಿಲೇಬಿಗೆ ನಿಷೇಧ ಬಿದ್ದ 1959ರಲ್ಲೇ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಹೇಳಿದ್ದರು: ಸಾಧ್ಯವಾದರೆ ಪ್ರಾಣಿಯನ್ನು ಬಳಸಬೇಡಿ, ಬಳಸಿದರೆ ಕಡಿಮೆ ಬಳಸಿ, ಬಳಸಿದ್ದಕ್ಕೆ ನೋವು ಕಡಿಮೆ ಮಾಡಿ. ಅವರ ಹೆಸರು ನನಗೆ ತಿಳಿದದ್ದು ನನ್ನ ನೂರ ಇಪ್ಪತ್ತು ಮುಗಿದ ಎಷ್ಟೋ ವರ್ಷಗಳ ಮೇಲೆ. ಅಜ್ಜಿಗೆ ಅದು ಯಾರೂ ಹೇಳದೆಯೇ ಗೊತ್ತಿತ್ತು, ಜರಡಿ ಕೊಟ್ಟಿದ್ದರು.

2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಿದ್ದಾಗ ಪತ್ರಿಕೆಯಲ್ಲಿ ಬಂದ ಚಿತ್ರ ನೋಡುತ್ತ ಗೌಡರ ಪ್ರಶ್ನೆ ಮತ್ತೆ ಕಿವಿಗೆ ಬಿತ್ತು. ಬಿಸಿಲು, ಒಳಗೆ ಹರಿದ ಚರಂಡಿಯ ನೀರು, ಇಲ್ಲವಾದ ಆಮ್ಲಜನಕ. ಅಲ್ಲಿ ಸೂಜಿ ಯಾರ ಕೈಯಲ್ಲಿತ್ತು ಎಂದು ಕೇಳಿದರೆ, ಬೆಂಗಳೂರಿನಲ್ಲಿ ಬಚ್ಚಲ ನೀರು ಬಿಡುವ ನಾವೆಲ್ಲ ಒಮ್ಮೆ ಕೈ ನೋಡಿಕೊಳ್ಳಬೇಕಾಗುತ್ತದೆ.

ಅಜ್ಜಿ ಈಗಿಲ್ಲ. ಗೌಡರೂ ಇಲ್ಲ. ಅಜ್ಜಿಯ ಮನೆ ಇದ್ದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ, ಹಿತ್ತಲಿದ್ದ ಜಾಗದಲ್ಲಿ ಸ್ಕೂಟರುಗಳು ನಿಲ್ಲುತ್ತವೆ. 2015ರಲ್ಲಿ ವಿಜಯನಗರಕ್ಕೆ ಮೆಟ್ರೋ ಬಂದ ಮೇಲೆ ಬಾಡಿಗೆಗಳು ಏರಿ, ನನ್ನ ಹಳೆಯ ಕೋಣೆಯಂಥದ್ದು ಈಗ ಸಂಶೋಧನೆ ಮಾಡುವ ಹುಡುಗನಿಗೆ ದಕ್ಕುವುದಿಲ್ಲ.

ಹೋದ ಭಾನುವಾರ ಅಂಗಡಿಯ ಟಬ್ಬಿನಲ್ಲಿ ಒಂದು ಜಿಲೇಬಿ ಓರೆಯಾಗಿ ಸುತ್ತು ಹೊಡೆಯುತ್ತಿತ್ತು. ಕಣ್ಣು ಉಬ್ಬಿತ್ತು. ಏರೋಮೊನಾಸ್ ಇರಲಾರದು. ಈಗ ಜಗತ್ತಿನ ತಿಲಾಪಿಯ ಸಾಕಣೆಗೆ ಬಿಸಿಗಾಲದಲ್ಲಿ ಹೆಚ್ಚು ಕಾಟ ಕೊಡುತ್ತಿರುವುದು ಸ್ಟ್ರೆಪ್ಟೊಕಾಕಸ್, ಅದು ಮಿದುಳಿಗೆ ಹೋದರೆ ಮೀನು ಹೀಗೆ ಸುತ್ತುತ್ತದೆ. ಇದ್ದರೂ ಇರಬಹುದು. ಅಥವಾ ಪಾಪ, ಬುಟ್ಟಿಯಿಂದ ಬುಟ್ಟಿಗೆ ಬೀಳುವಾಗ ಪೆಟ್ಟಾಗಿರಬಹುದು. ಅಂಗಡಿಯ ಹುಡುಗನಿಗೆ ಅದನ್ನು ಬೇರೆ ಇಡು, ಅದಕ್ಕೆ ಬೇರೆ ಬಲೆ ಇಟ್ಟುಕೋ ಎಂದೆ. ಅವನು ತಲೆಯಾಡಿಸಿದ. ನಾನು ಅಲ್ಲೇ ನಿಂತಿದ್ದೆ. ಹುಡುಗ ಎರಡು ಮೂರು ಗಿರಾಕಿಗಳನ್ನು ಕಳಿಸಿ ನನ್ನ ಕಡೆ ತಿರುಗಿದ.

“ಎಷ್ಟು ಕೊಡ್ಲಿ ಸಾರ್? ಅರ್ಧ ಕೇಜಿ?”

“ಬೇಡಪ್ಪ,” ಎಂದೆ, “ನೀರು ನೋಡ್ತಿದ್ದೆ.”